ಮಲಗುವ ಚೀಲಕ್ಕೆ ಗಂಜಿ

ನಾನು ವಾಸಿಸುವ ಅಪಾರ್ಟ್‌ಮೆಂಟಿನಲ್ಲಿ ಒದ್ದೆ ಬಟ್ಟೆ ಅಶ್ಲೀಲ ವಸ್ತು. ಪಟ್ಟಂದೂರು ಅಗ್ರಹಾರದ ಮಗ್ಗುಲಲ್ಲಿ, ಐಟಿ ಪಾರ್ಕಿನ ಗಾಜಿನ ಗೋಡೆಗಳಿಗೆ ಎದುರಾಗಿ ನಿಂತ ಆ ಕಟ್ಟಡದ ಬಾಲ್ಕನಿಯಲ್ಲಿ ಒಂದು ಟವೆಲ್ ಒಣಹಾಕಿದರೂ ಸಾಕು, ಸ್ವಲ್ಪ ಹೊತ್ತಿನಲ್ಲೇ ಅದರ ಚಿತ್ರ ನಿವಾಸಿಗಳ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಟವೆಲ್ಲಿನ ಸುತ್ತ ಕೆಂಪು ವೃತ್ತ, ಕೆಳಗೆ ಕೈಮುಗಿದ ಚಿಹ್ನೆ. ಕಟ್ಟಡದ ಮುಖದ ಕಳೆ ಹೋಗುತ್ತದಂತೆ. ತಾರಸಿಗೆ ಹೋಗೋಣವೆಂದರೆ ಅಲ್ಲಿ ಬೀಗ. ಹಾಗಾಗಿ ಪುಕ್ಕಟೆ ಬಿಸಿಲು ಸುರಿಯುವ ಈ ಊರಿನಲ್ಲಿ ನಮ್ಮದೊಂದನ್ನು ಬಿಟ್ಟು ಪ್ರತಿ ಮನೆಯೂ ಬಟ್ಟೆ ಒಣಗಿಸಲು ವಿದ್ಯುತ್ ಯಂತ್ರವೊಂದನ್ನು ಸಾಕಿಕೊಂಡಿದೆ. ಇದು ತಪ್ಪು ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಬಿಸಿಲನ್ನು ನಿಷೇಧಿಸಿ ಕಲ್ಲಿದ್ದಲನ್ನು ಸುಡುವುದು ತಪ್ಪು; ಬಟ್ಟೆ ಹರವಿದ ಹಗ್ಗವನ್ನು ಬಡತನದ ಗುರುತೆಂದು ಹೇಸುವುದು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಯಂತ್ರ ಇಟ್ಟುಕೊಂಡವರನ್ನು ಕಲ್ಲಿದ್ದಲು ಮುಕ್ಕುವವರೆಂದೂ ಕರೆದೆ. ಅಧ್ಯಕ್ಷರು ನನ್ನ ಕಾಳಜಿಗೆ ಧನ್ಯವಾದ ಹೇಳಿ ಪಾರ್ಕಿಂಗ್ ವಿಷಯಕ್ಕೆ ಹೋದರು.

ನಾನು ಓದಿದ ಶಾಲೆಯೇ ಅಂಥದ್ದು. ಅಲ್ಲಿ ಪರೀಕ್ಷೆಯಿರಲಿಲ್ಲ, ಗಂಟೆಯಿರಲಿಲ್ಲ, ಬೆತ್ತವಂತೂ ಇರಲೇ ಇಲ್ಲ. ಬೆಳಗ್ಗೆ ಎಲ್ಲರೂ ಚಾಪೆಯ ಮೇಲೆ ವೃತ್ತವಾಗಿ ಕುಳಿತು, ಹಿಂದಿನ ದಿನ ಕಂಡ ಅನ್ಯಾಯವೊಂದನ್ನು ಹೆಸರಿಟ್ಟು ಹೇಳಬೇಕಿತ್ತು. ಹೆಸರಿಟ್ಟರೆ ಅರ್ಧ ಗೆದ್ದಂತೆ ಎಂದು ಕಲಿಸಿದರು. ಉಳಿದರ್ಧವನ್ನು ಯಾರು ಗೆಲ್ಲಿಸಿಕೊಡುತ್ತಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಕೆರೆ, ಕಸ, ಗಾರ್ಮೆಂಟ್ಸ್ ಹೆಂಗಸರ ದುಡಿಮೆ ಎಂದು ಹೆಸರಿಡುತ್ತಲೇ ಇದ್ದೇನೆ. ಸಣ್ಣದೊಂದು ಸಂಸ್ಥೆ ಅದಕ್ಕಾಗಿ ನನಗೆ ಸಂಬಳವನ್ನೂ ಕೊಡುತ್ತದೆ.

ಇಷ್ಟನ್ನೂ ಹೇಳಿದ್ದು, ನನ್ನ ಅತ್ತೆಯ ಸ್ಲೀಪಿಂಗ್ ಬ್ಯಾಗನ್ನು ನನ್ನ ಮನೆಯಲ್ಲಿ ಏಕೆ ಒಗೆಯಲಾಗಲಿಲ್ಲ ಎಂಬುದನ್ನು ವಿವರಿಸುವುದಕ್ಕೆ.

ಅತ್ತೆ ಇರುವುದು ಟಿ. ದಾಸರಹಳ್ಳಿಯಲ್ಲಿ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ದುಡಿದ ಮಾವ ಸಾಲ ಮಾಡಿ ಕಟ್ಟಿಸಿದ ಮನೆ. ಕೆಳಗೆ ಅತ್ತೆ, ಮೇಲಿನ ಕೋಣೆಗಳಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಬಾಡಿಗೆದಾರರು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅವರಿಗೆ ಕಾರ್ಖಾನೆಯ ಚಾರಣ ಸಂಘದ ಹುಚ್ಚಿತ್ತು. ಪ್ರತಿ ಬೇಸಿಗೆಯಲ್ಲಿ ಹಿಮಾಲಯಕ್ಕೆ ಹೋಗುತ್ತಿದ್ದರು. ಅತ್ತೆ ಚಟ್ನಿಪುಡಿ, ಕೋಡುಬಳೆ ಕಟ್ಟಿಕೊಟ್ಟು ಮನೆಯಲ್ಲಿ ಉಳಿಯುತ್ತಿದ್ದರು. ಹಿಂದಿರುಗಿದ ಮೇಲೆ ಮಾವ ತಿಂಗಳುಗಟ್ಟಲೆ ಕಥೆ ಹೇಳುತ್ತಿದ್ದರಂತೆ: ಸೊಂಟದವರೆಗಿನ ಹಿಮ, ಕೈಗೆ ಸಿಗುವ ನಕ್ಷತ್ರ, ಡೇರೆಯ ಬಾಗಿಲಿಗೆ ಬಂದು ಮೂಸಿದ ಕರಡಿ. ಹೆಂಡತಿಯನ್ನು ಒಂದು ಸಲವೂ ಕರೆದುಕೊಂಡು ಹೋಗದೆ ಕೇವಲ ಕಥೆ ತಂದುಕೊಡುವುದು ಎಂಥ ಅನ್ಯಾಯವೆಂದು ನಾನು ಮದುವೆಯಾದ ಹೊಸತರಲ್ಲೇ ಹೆಸರಿಟ್ಟಿದ್ದೆ. ಮಾವ ನಕ್ಕು, ಇನ್ನೊಂದು ಕರಡಿಯ ಕಥೆ ಹೇಳಿದ್ದರು.

ಈ ಬೇಸಿಗೆಯಲ್ಲಿ ಆ ಸಂಘದ ನಿವೃತ್ತರು ತಮ್ಮ ಮನೆಯ ಹೆಂಗಸರನ್ನೂ ಸೇರಿಸಿಕೊಂಡು ಹೊರಟರು. ಅತ್ತೆ ಯಾರನ್ನೂ ಕೇಳದೆ ಹೆಸರು ಕೊಟ್ಟರು.

"ಈ ವಯಸ್ಸಲ್ಲಿ ಯಾಕಮ್ಮ?" ಎಂದ ಅವರ ಮಗ, ಅಂದರೆ ನನ್ನ ಗಂಡ.

"ನಿಮ್ಮಪ್ಪ ಹೇಳಿದ್ದರಲ್ಲಿ ಎಷ್ಟು ಸುಳ್ಳು ಅಂತ ನೋಡ್ಕೊಂಡ್ ಬರ್ತೀನಿ ಕಣೋ. ಕರಡಿ ಮೇಲಂತೂ ನಂಗೆ ಮೊದಲಿಂದ ಅನುಮಾನ."

ಕಳೆದ ಚಳಿಗಾಲದಲ್ಲಿ ಅತ್ತೆಗೆ ನ್ಯುಮೋನಿಯಾ ಆಗಿತ್ತು. ವೈದ್ಯರು ಎದೆ ಪರೀಕ್ಷಿಸಿ, ಬೆಚ್ಚಗಿದ್ದರೆ ಹೋಗಬಹುದು ಎಂದರು. ನನ್ನ ಗಂಡ ಆ ವಾಕ್ಯದ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡ. ಅಲ್ಲಿ ಬಾಡಿಗೆಗೆ ಸಿಗುವ ಮಲಗುವ ಚೀಲಗಳಲ್ಲಿ ಹತ್ತಾರು ಜನ ಮಲಗಿದ್ದಾರೆಂದು ಅತ್ತೆ ಅವನ್ನು ಮುಟ್ಟಲೂ ಒಪ್ಪಲಿಲ್ಲ. ಹೊಸದನ್ನು ಕೊಳ್ಳಲು ನಾನು ಒಪ್ಪಲಿಲ್ಲ. ಇರುವುದನ್ನು ಸರಿಪಡಿಸದೆ ಇನ್ನೊಂದನ್ನು ಕೊಳ್ಳುವುದು ಈ ಕಾಲದ ಮೂಲ ರೋಗವೆಂದು ಒಂದು ಊಟದುದ್ದಕ್ಕೂ ವಾದಿಸಿದೆ. ಉಳಿದದ್ದು ಮಾವನ ಹಳೆಯ ಚೀಲ. ಕೊನೆಗೆ ನನ್ನ ಗಂಡ ತೀರ್ಪು ಕೊಟ್ಟ: ಹೊರಡುವ ಮುಂಚಿನ ಭಾನುವಾರ ತಾನೇ ಬಂದು ನೋಡುವುದು, ಚೀಲ ಬೆಚ್ಚಗಿದ್ದರೆ ಅಮ್ಮ ಹೋಗುವುದು, ಇಲ್ಲವಾದರೆ ಹೆಸರು ತೆಗೆಸುವುದು. ಅರವತ್ತು ದಾಟಿದ ಹೆಂಗಸಿನ ಪ್ರಯಾಣಕ್ಕೆ ಮಗನ ರುಜು ಏಕೆ ಬೇಕೆಂದು ಕೇಳಿದೆ. "ರುಜು ಅಲ್ಲ, ಕಫ" ಎಂದ.

ದೇವರ ಮನೆಯ ಮೇಲಿನ ಅಟ್ಟದಿಂದ ಅತ್ತೆ ಚೀಲವನ್ನು ಇಳಿಸಿದರು. ಬಿಂದಿಗೆಯಷ್ಟು ಸಣ್ಣ ಗವುಸಿನಲ್ಲಿ ವರ್ಷಗಟ್ಟಲೆ ತುರುಕಿಟ್ಟಿದ್ದ ಆ ನೀಲಿ ಚೀಲ ಹೊರಗೆಳೆದಾಗ ಹಬ್ಬದ ಮಾರನೆಯ ದಿನದ ಹೋಳಿಗೆಯಷ್ಟು ದಪ್ಪವಿತ್ತು. ಮಾವನ ಬೆವರು, ಹೊಗೆ, ಹರಳೆಣ್ಣೆ ಎಲ್ಲವೂ ಅದರಲ್ಲಿ ಸೇರಿ ಹೋಗಿದ್ದವು.

"ಒಳಗೆ ಏನಿದೆ ಇದರಲ್ಲಿ?" ಎಂದೆ.

"ಬೂರುಗದ ಅರಳೆ. ಅದೂ ಒಳ್ಳೇದು. ಅವರೇ ಹೇಳಿದ್ರು."

ಹೊಲಿಗೆಯೊಂದರಿಂದ ಬಿಳಿಯ ಪುಕ್ಕದ ತುದಿ ಇಣುಕುತ್ತಿತ್ತು. ನಾನು ಅದನ್ನು ಮೆಲ್ಲಗೆ ಎಳೆದು ಜೇಬಿಗೆ ಹಾಕಿಕೊಂಡೆ. ಸಾರಿಗೆ ಈರುಳ್ಳಿ ತಾಗಿದರೂ ಪಾತ್ರೆ ಬದಲಿಸುವ ಹೆಂಗಸಿಗೆ, ನಿಮ್ಮ ಗಂಡ ಇಷ್ಟು ವರ್ಷ ಹಕ್ಕಿಯ ಪುಕ್ಕದೊಳಗೆ ಹೊಕ್ಕು ಮಲಗಿದ್ದರು ಎಂದು ಹೇಳಿದರೆ, ಹಿಮ ನೋಡುವ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲರ ತಪ್ಪನ್ನೂ ತಿದ್ದುವ ನಾನು ಈ ಒಂದನ್ನು ತಿದ್ದಲಿಲ್ಲ. ಅದಕ್ಕೊಂದು ಸಮರ್ಥನೆಯನ್ನೂ ತಯಾರಿಸಿಟ್ಟುಕೊಂಡೆ. ನನ್ನಂಥವರಿಗೆ ಅದು ಕಷ್ಟವಲ್ಲ.

ಇಂಥ ಚೀಲ ಬೆಚ್ಚಗಿರುವುದು ಪುಕ್ಕಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಪುಕ್ಕ ಬಿಡಿಬಿಡಿಯಾಗಿ ಅರಳಿದಷ್ಟೂ ಚೀಲ ಉಬ್ಬುತ್ತದೆ, ಉಬ್ಬಿದಷ್ಟೂ ಬಿಸಿ. ಜಿಡ್ಡು ಕೂತು ಅಂಟಿಕೊಂಡರೆ ಅದು ಬರೀ ಬಟ್ಟೆ. ಜಿಡ್ಡು ತೆಗೆಯಬೇಕು, ಆದರೆ ತಿಕ್ಕಬಾರದು, ಹಿಂಡಬಾರದು, ನೆನೆದಾಗ ಒಂದು ತುದಿ ಹಿಡಿದು ಎತ್ತಬಾರದು. ನೀರಿನ ಭಾರಕ್ಕೆ ಒಳಗಿನ ಅಡ್ಡಹೊಲಿಗೆಗಳು ಕಿತ್ತುಹೋಗುತ್ತವೆ. ನಮ್ಮ ಕಡೆಯ ಕೆರೆಗಳು ಏಕೆ ನೊರೆ ಕಾರುತ್ತವೆಂದು ಬಲ್ಲ ನಾನು ಸೋಪಿನ ಪುಡಿಯನ್ನು ದೂರವಿಟ್ಟು ಅಂಟುವಾಳವನ್ನು ನೆನೆಹಾಕಿದೆ. ಶನಿವಾರ ಬೆಳಗ್ಗೆ ಅತ್ತೆಯ ಬಚ್ಚಲಲ್ಲಿ ದೊಡ್ಡ ಟಬ್ಬಿನಲ್ಲಿ ಚೀಲವನ್ನು ಮುಳುಗಿಸಿ, ಮಗುವಿಗೆ ನೀರೆರೆಯುವಂತೆ ಒತ್ತಿ ಒತ್ತಿ ತೊಳೆದೆವು. ಕಾಫಿ ಬಣ್ಣದ ನೀರು ಹೊರಬಂತು.

"ಇಷ್ಟು ಕೊಳೆನಾ?" ಎಂದರು ಅತ್ತೆ. "ದಿನಾ ಎರಡು ಸಲ ಸ್ನಾನ ಮಾಡೋರು. ಅಲ್ಲಿ ಹೋಗಿ ಏನ್ ಮಾಡ್ತಿದ್ರೋ."

ಮಧ್ಯಾಹ್ನ ನನಗೆ ಬೊಮ್ಮನಹಳ್ಳಿಯಲ್ಲಿ ಸಭೆಯಿತ್ತು. ಗಾರ್ಮೆಂಟ್ಸ್ ಹೆಂಗಸರು ಕೆಲಸದ ನಡುವೆ ಶೌಚಕ್ಕೆ ಹೋಗುವುದನ್ನೂ ಮೇಲ್ವಿಚಾರಕ ಗಡಿಯಾರ ಹಿಡಿದು ಅಳೆಯುತ್ತಾನೆ, ಅದರ ಬಗ್ಗೆ. ಹೊರಡುವಾಗ ಅತ್ತೆಗೆ ಹೇಳಿದೆ: "ಇನ್ನು ಒಳ್ಳೆ ನೀರಲ್ಲಿ ಜಾಲಿಸೋದಷ್ಟೇ ಬಾಕಿ. ನಾನು ಬರೋವರೆಗೂ ಹಾಗೇ ಬಿಡಿ. ಎತ್ತಬೇಡಿ, ಹಿಂಡಬೇಡಿ. ಕೊನೇಲಿ ಅದು ಉಬ್ಬಿ ನಿಲ್ಲಬೇಕು, ಅದೇ ಮುಖ್ಯ."

ಇಷ್ಟರಲ್ಲಿ ಕೊನೆಯ ವಾಕ್ಯ ಮಾತ್ರ ಅವರ ಮನಸ್ಸಿನಲ್ಲಿ ಉಳಿಯಿತು.

ಸಂಜೆ ಮೆಟ್ರೋ ಇಳಿದು ಮನೆಗೆ ಬಂದು ತಾರಸಿ ಹತ್ತಿದರೆ, ತಂತಿಯ ಮೇಲೆ ಚೀಲ ಜೋತು ಬಿದ್ದಿರಲಿಲ್ಲ, ನಿಂತಿತ್ತು. ಹಪ್ಪಳದಂತೆ. ಬೆರಳಿನಿಂದ ತಟ್ಟಿದೆ. ಟಕ್ ಎಂದಿತು.

"ನೋಡು ಹೆಂಗೆ ನಿಂತಿದೆ" ಎಂದರು ಅತ್ತೆ, ಹಿಂದಿನಿಂದ.

"ಏನ್ ಮಾಡಿದ್ರಿ ಅತ್ತೆ?"

"ನೀನು ಹೋದ್ಮೇಲೆ ನೋಡಿದೆ, ಒದ್ದೆ ಬೆಕ್ಕಿನ ಥರ ಮುದುರ್ಕೊಂಡ್ ಬಿಟ್ಟಿತ್ತು. ಅದು ಹೆಂಗೆ ತಾನಾಗೇ ನಿಲ್ಲುತ್ತೆ? ಗಂಜಿ ಹಾಕ್ದೆ."

ಇದನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಕಾರ್ಖಾನೆಯ ಮನೆಗಳ ಹೆಂಗಸರು ಮಾತ್ರ ಮಾಡಬಲ್ಲ ಕೆಲಸವದು. ಅತ್ತೆ ತಮ್ಮ ಸಂಸಾರವಿಡೀ ಅನ್ನ ಬಸಿದ ಗಂಜಿಯನ್ನು ಶೋಧಿಸಿಟ್ಟು ಗಂಡನ ಖಾಕಿ ಸಮವಸ್ತ್ರಕ್ಕೆ ಹಾಕುತ್ತಿದ್ದರು. ಆ ಪ್ಯಾಂಟು ಒಳಗೆ ಮನುಷ್ಯನಿಲ್ಲದೆಯೂ ಗೋಡೆಗೆ ಒರಗಿ ನಿಲ್ಲುತ್ತಿತ್ತೆಂದು ಬೀದಿಯಲ್ಲಿ ಹೆಸರು. ಶಿಫ್ಟಿಗೆ ಹೊರಟ ಗಂಡನ ಇಸ್ತ್ರಿಯ ಗೆರೆಯಿಂದ ಹೆಂಡತಿಯ ಯೋಗ್ಯತೆಯನ್ನು ಅಳೆಯುತ್ತಿದ್ದ ಆ ಪದ್ಧತಿಯನ್ನೂ ನಾನು ಹಿಂದೊಮ್ಮೆ ಖಂಡಿಸಿದ್ದೆ. ಈಗ ಆ ಪದ್ಧತಿ ನನ್ನೆದುರು ತಂತಿಯ ಮೇಲೆ ನಿಂತಿತ್ತು.

ಪುಕ್ಕಗಳು ಗಂಜಿಯಲ್ಲಿ ಅಂಟಿ, ಒಳಗೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟುಗಳಾಗಿದ್ದವು. ಅವುಗಳ ನಡುವೆ ಬರೀ ಬಟ್ಟೆ. ಬೆಚ್ಚಗಾಗುವುದು ಅರಳಿದಾಗಲೇ ಹೊರತು ಸೆಟೆದಾಗಲ್ಲ ಎಂದು ವಿವರಿಸಿದೆ. ಅತ್ತೆ ಮೆಟ್ಟಿಲ ಮೇಲೆ ಕುಳಿತರು.

"ಹಾಗಾದ್ರೆ ಹಾಳಾಯ್ತಾ?"

"ಗೊತ್ತಿಲ್ಲ."

"ಅವನಿಗೆ ಹೇಳ್ಬೇಡ. ಇದೇ ಸಾಕು ಅವನಿಗೆ."

ಅಷ್ಟರಲ್ಲೇ ನನ್ನ ಫೋನು ಹೊಡೆದುಕೊಂಡಿತು. "ಬ್ಯಾಗ್ ಹೆಂಗಿದೆ?" ಎಂದ ಗಂಡ.

"ಚೆನ್ನಾಗಿ ನಿಂತಿದೆ" ಎಂದೆ. ಒಂದಕ್ಷರವೂ ಸುಳ್ಳಿರಲಿಲ್ಲ.

ಗಂಜಿ ಬಿಡಿಸುವ ವಿದ್ಯೆ ಅತ್ತೆಗೆ ಗೊತ್ತಿತ್ತು: ಉಗುರುಬೆಚ್ಚಗಿನ ನೀರು, ತಾಳ್ಮೆ. ಸ್ನಾನದ ಒಲೆಯಲ್ಲಿ ನೀರು ಕಾಯಿಸಿ, ನೆನೆಸಿ, ಒತ್ತಿ, ಬಿಳಿಯ ನೀರನ್ನು ಬಸಿದು, ಮತ್ತೆ ನೆನೆಸಿದೆವು. ಒಂದು ಚೀಲಕ್ಕೆ ಇಷ್ಟೊಂದು ನೀರು ಖರ್ಚಾಗುವುದನ್ನು ನೋಡಲಾರದೆ ಬಸಿದದ್ದನ್ನೆಲ್ಲ ಕರಿಬೇವಿನ ಗಿಡಕ್ಕೂ ಕಕ್ಕಸಿಗೂ ಹೊತ್ತು ಹಾಕಿದೆ. ಬಿಸಿ ನೀರು ತಗುಲುತ್ತಿದ್ದಂತೆ ಚೀಲ ತನ್ನ ನಿಜ ಜಾತಿಯನ್ನು ಹೊರಹಾಕತೊಡಗಿತು. ಬಚ್ಚಲು, ಪಡಸಾಲೆ, ದೇವರ ಮನೆ, ಎಲ್ಲ ಕಡೆ ಒದ್ದೆ ಕೋಳಿಯ ವಾಸನೆ.

ಅತ್ತೆ ಮೂಗು ಮೇಲೆತ್ತಿದರು. "ಕೋಳಿ. ಶನಿವಾರನೂ ಬಿಡಲ್ವಲ್ಲ ಇವರು."

'ಇವರು' ಎಂದರೆ ಮೇಲಿನ ಮನೆಯವರು. ಕೊಪ್ಪಳದ ಕಡೆಯ ದಂಪತಿ. ಆತ ಗಾರೆ ಕೆಲಸ, ಆಕೆ ಪೀಣ್ಯದಲ್ಲಿ ಪ್ಯಾಕಿಂಗ್. ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ಏನಮ್ಮ, ಏನ್ ಅಡುಗೆ ಇವತ್ತು?"

"ಹೆಸರುಬ್ಯಾಳಿ ಸಾರು ಮಾಡೀನ್ರಿ ಅಮ್ಮಾರ" ಎಂದು ಮೇಲಿನಿಂದ ದನಿ ಬಂತು. "ಯಾಕ್ರಿ, ಕೊಡ್ಲೇನು?"

"ಬೇಳೆ ಸಾರಂತೆ" ಎಂದು ಅತ್ತೆ ನನ್ನತ್ತ ತಿರುಗಿ ಪಿಸುಗುಟ್ಟಿದರು. "ಸುಳ್ಳು ನೋಡು."

ಆಗಲೇ ಹೇಳಬೇಕಿತ್ತು. ಒಬ್ಬ ಹೆಂಗಸಿನ ಮೇಲೆ ಅವಳು ಮಾಡದ ಅಡುಗೆಯನ್ನು ಹೊರಿಸುವುದು ನನ್ನ ಕಣ್ಣೆದುರೇ ನಡೆಯುತ್ತಿತ್ತು, ಆ ಅಡುಗೆಯ ಮೂಲ ನನ್ನ ಮೊಣಕೈವರೆಗೂ ಹತ್ತಿತ್ತು. ಹೇಳಿದರೆ ಅತ್ತೆಯ ಹಿಮಾಲಯ ಹೋಗುತ್ತಿತ್ತು. ನಾನು ಇನ್ನೊಂದು ಬಕೆಟ್ ನೀರು ಹೊತ್ತೆ.

ಆ ಮನೆಯ ತಾರಸಿಗೊಂದು ಕಾನೂನಿತ್ತು. ಮೂಡಣದ ಬಿಸಿಲು ಬೀಳುವ ಮುಂದಿನ ತಂತಿ ಅತ್ತೆಯ ಮಡಿ ಸೀರೆಗೆ. ಬಾಡಿಗೆಯವರದು ನೀರಿನ ಟ್ಯಾಂಕಿನ ಹಿಂದಿನ ನೆರಳಿನ ತಂತಿ. ನಿಮಗೂ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೂ ಏನು ವ್ಯತ್ಯಾಸ ಎಂದು ನಾನು ಹಲವು ಸಲ ಕೇಳಿದ್ದೆ. "ಅವ್ರು ಬಟ್ಟೇನೇ ಹಾಕ್ಬೇಡಿ ಅಂತಾರೆ. ನಾನು ಆ ಕಡೆ ಹಾಕ್ಕೊಳ್ಳಿ ಅಂತೀನಿ. ವ್ಯತ್ಯಾಸ ಇಲ್ವಾ?" ಎನ್ನುತ್ತಿದ್ದರು. ಭಾನುವಾರ ಕೋಳಿ ತೊಳೆದ ಕೈಯಲ್ಲೇ ಬಟ್ಟೆ ಹರವುತ್ತಾರೆ ಎಂಬುದು ಅವರ ಕಾರಣ.

ಭಾನುವಾರ ಬೆಳಗ್ಗೆ ಚೀಲವನ್ನು ಇಬ್ಬರೂ ಅಡಿಯಿಂದ ಕೈಕೊಟ್ಟು, ಶವ ಹೊರುವಂತೆ ಹೊತ್ತು ಮೇಲೆ ತಂದೆವು. ತಂತಿಗೆ ಹಾಕುವಂತಿರಲಿಲ್ಲ, ಪುಕ್ಕವೆಲ್ಲ ಕೆಳಗಿಳಿದು ಗುಡ್ಡೆಯಾಗುತ್ತದೆ. ನೆಲ ಕಾದ ಸಿಮೆಂಟು. ಕೆಳಗಿನಿಂದಲೂ ಗಾಳಿಯಾಡಬೇಕಿತ್ತು. ಟ್ಯಾಂಕಿನ ಪಕ್ಕದಲ್ಲಿ ಮೇಲಿನ ಮನೆಯವರ ಪಟ್ಟಿ ಹೆಣೆದ ಮಡಚುಮಂಚ ಗೋಡೆಗೆ ಒರಗಿತ್ತು.

ಅತ್ತೆ ಅದನ್ನು ನೋಡಿದರು. ನನ್ನನ್ನು ನೋಡಿದರು. ಹಿಂದಿನ ತಂತಿಗೆ ಬಟ್ಟೆ ಹರವುತ್ತಿದ್ದ ಮೇಲಿನ ಮನೆಯವಳಿಗೆ, "ಆ ಮಂಚ ಒಂದೆರಡು ದಿನ ಕೊಡ್ತೀಯೇನಮ್ಮ?" ಎಂದರು.

"ತಗೋರಿ. ಆದ್ರ ಅದರ ಮ್ಯಾಗ ನಾವು ಮಕ್ಕೊಂತೀವ್ರಿ ಅಮ್ಮಾರ. ನಡೀತೈತೇನು?"

"ಬಿಸಿಲಿಗೆ ಎಲ್ಲ ಹೋಗುತ್ತೆ."

"ಹಂಗಾರ ನಮ್ಮ ಬಟ್ಟಿನೂ ಬಿಸಿಲಿಗೆ ಹಾಕಿದ್ರ ಎಲ್ಲಾ ಹೋಗತಿತ್ತಲ್ರಿ" ಎಂದು ಆಕೆ ಮಂಚವನ್ನು ಎಳೆದು ತಂದು, ಮುಂದಿನ ತಂತಿಯ ಕೆಳಗೆ, ಒಳ್ಳೆಯ ಬಿಸಿಲಿನಲ್ಲಿ ಬಿಡಿಸಿದಳು. ನಾನು ಸಭೆಗಳಲ್ಲಿ ಇದಕ್ಕಿಂತ ಉದ್ದವಾಗಿ ಮಾತಾಡುತ್ತೇನೆ.

ಮೂವರೂ ಮಂಚದ ಸುತ್ತ ಕುಳಿತು ಬಟ್ಟೆಯ ಮೇಲಿನಿಂದಲೇ ಗಂಟುಗಳನ್ನು ಬೆರಳಿನಿಂದ ಒಡೆಯತೊಡಗಿದೆವು. ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸುವ ಶಾಂತಿಯಿತ್ತು. ಆಮೇಲೆ ಅತ್ತೆ ತಡೆಯಲಾರದೆ, "ನಿನ್ನೆ ಕೋಳಿ ಮಾಡಿ ಬೇಳೆ ಅಂದ್ಯಲ್ಲಮ್ಮ. ಮಾಡಿದ್ರೆ ಮಾಡ್ದೆ ಅನ್ನು, ಅದರಲ್ಲೇನಿದೆ" ಎಂದರು.

"ಇಲ್ರಿ ಅಮ್ಮಾರ. ನಿನ್ನೆ ಶನಿವಾರ, ನಾವೂ ಹನಮಪ್ಪಗ ನಡಕೊಳ್ಳೋರ್ರಿ. ದೇವರಾಣಿ ಮಾಡಿಲ್ಲ."

"ಮನೆ ತುಂಬ ವಾಸನೆ ಇತ್ತು."

ಆಕೆಯ ಮುಖ ಸಣ್ಣದಾಯಿತು. ಬೆರಳುಗಳು ಗಂಟಿನ ಮೇಲೆ ನಿಂತವು.

"ಅತ್ತೆ" ಎಂದೆ. "ಕೋಳಿ ಅವರ ಮನೇಲಿರಲಿಲ್ಲ. ಇದರೊಳಗಿದೆ. ಬೂರುಗದ ಅರಳೆ ಅಲ್ಲ ಇದು, ಪುಕ್ಕ. ಹೆಬ್ಬಾತಿನ ಪುಕ್ಕ."

ಶುರು ಮಾಡಿದ ಮೇಲೆ ನಿಲ್ಲಿಸುವುದು ನನಗೆ ಬರುವುದಿಲ್ಲ. ಆ ಹಕ್ಕಿಗಳ ಎದೆಯ ಪುಕ್ಕವನ್ನು ಎಷ್ಟೋ ಕಡೆ ಜೀವವಿರುವಾಗಲೇ ಕೀಳುತ್ತಾರೆಂಬುದನ್ನೂ, ಅದು ಎಂಥ ಕ್ರೌರ್ಯವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆ ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ.

ಮೊದಲು ಬಾಯಿಬಿಟ್ಟವಳು ಮೇಲಿನ ಮನೆಯವಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ನಾವು ವಾರಕ್ಕೊಮ್ಮೆ ತಿಂತೀವ್ರಿ ಅಮ್ಮಾರ. ನಿಮ್ಮ ಯಜಮಾನ್ರು ಪೂರಾ ಒಳಗ ಹೊಕ್ಕೊಂಡು ಮಲಗ್ಯಾರಲ್ರಿ."

ಅತ್ತೆ ಎದ್ದು ಕೆಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬಚ್ಚಲಿನಿಂದ ತಲೆಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಒಂದು ತಂಬಿಗೆ, ಮತ್ತೊಂದು, ಮತ್ತೊಂದು. ಮೈಲಿಗೆ ಕಳೆಯುವ ಸ್ನಾನ. ಮುಗಿಯಿತು ಎಂದುಕೊಂಡೆ. ನನ್ನ ಗಂಡನಿಗೆ ಏನೂ ಮಾಡದೆಯೇ ಗೆಲುವು. ಹೆಸರಿಟ್ಟದ್ದು ಸರಿಯೇ ಆಗಿತ್ತು; ಆದರೆ ಅದರ ಬೆಲೆಯನ್ನು ನಾನು ತೆರಲಿಲ್ಲ, ಒಮ್ಮೆಯೂ ಬೆಂಗಳೂರಿನಾಚೆಯ ಬೆಟ್ಟ ಹತ್ತದ ಹೆಂಗಸು ತೆತ್ತಳು. ನಾನು ಗಂಟು ಒಡೆಯುತ್ತಿದ್ದೆ. ಮೇಲಿನ ಮನೆಯವಳೂ ನಗು ನಿಲ್ಲಿಸಿದ್ದಳು. "ನಾ ಹಂಗ ಅನಬಾರದಿತ್ತೇನ್ರಿ ಅಕ್ಕಾರ?" ಎಂದಳು.

ಅತ್ತೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಮತ್ತೆ ಮೇಲೆ ಬಂದರು. ತಮ್ಮ ಜಾಗದಲ್ಲೇ ಕುಳಿತು ಚೀಲಕ್ಕೆ ಕೈಹಾಕಿದರು.

"ಸ್ನಾನ ಮಾಡಿ ಮತ್ತೆ ಮುಟ್ಟಿದ್ರಲ್ಲ ಅತ್ತೆ."

"ಮುಟ್ಟಿ ಆದ್ಮೇಲೆ ಮತ್ತೆ ಮಾಡ್ತೀನಿ. ಬೋರ್‌ವೆಲ್ ನಂದೇ." ಒಂದು ಗಂಟನ್ನು ಹಿಸುಕಿ ಬಿಡಿಸಿದರು. "ಬೂರುಗದ ಅರಳೆ ಅಂದಿದ್ರು. ಅಲ್ಲಿಗೆ ಹೋಗೋಕ್ ಮುಂಚೆನೇ ಒಂದು ಸುಳ್ಳು ಸಿಕ್ತು ನೋಡು."

"ಅಟ್ಟದ ಮೇಲೆ ಇಟ್ಟಿದ್ರಿ. ದೇವರ ನೆತ್ತಿ ಮೇಲೆ."

"ಇಷ್ಟು ವರ್ಷ ದೇವರು ಒಂದ್ ಮಾತೂ ಅಂದಿಲ್ಲ. ನೀನು ಒಂದ್ ವಾರ ಸುಮ್ಮನಿರೋಕ್ಕಾಗ್ಲಿಲ್ಲ." ಇನ್ನೊಂದು ಗಂಟಿಗೆ ಕೈಹಾಕುತ್ತ, "ಹೆಬ್ಬಾತು ಅಂದ್ರೆ ಹಂಸದ ಜಾತಿ ಅಲ್ವಾ? ಸರಸ್ವತಿ ವಾಹನ. ಹಂಸ ಅಂದ್ಕೊಂಡ್ರಾಯ್ತು" ಎಂದರು.

ಇಲ್ಲಿ ಮತ್ತೆ ತಪ್ಪೊಂದು ಹುಟ್ಟಿತ್ತು. ಮನೆಯೊಡತಿಯ ಪುಕ್ಕ ಹಂಸದ್ದು, ಬಾಡಿಗೆಯವರದು ಕೋಳಿಯದು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಮನೆಯವಳೇ ಕೇಳಿದಳು.

"ಹುಂಜ ಷಣ್ಮುಖಸ್ವಾಮಿ ಬಾವುಟದಾಗ ಇಲ್ಲೇನ್ರಿ ಅಮ್ಮಾರ?"

ಅತ್ತೆ ಕೈ ನಿಲ್ಲಿಸಿ ಯೋಚಿಸಿದರು. "ಇದೆ" ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೆ ಕಣೇ. ನಿನ್ ಬಾಯಿಗಿಷ್ಟು."

ನಾನು ಸಂಸ್ಥೆಗೆ ರಜೆ ಹಾಕಿ ಅಲ್ಲೇ ಉಳಿದೆ. ದಿನಗಳು ಒಂದೇ ಕೆಲಸದಲ್ಲಿ ಕಳೆದವು: ಬಿಸಿಲು ತಿರುಗಿದಂತೆ ಮಂಚವನ್ನು ತಿರುಗಿಸುವುದು, ಚೀಲವನ್ನು ಮಗುಚುವುದು, ಗಂಟು ಒಡೆಯುವುದು, ಗಟ್ಟಿಯಾಗದಂತೆ ಮೆಲ್ಲಗೆ ಕೊಡವುವುದು. ಪೀಣ್ಯದ ಕಡೆಯ ಗಾಳಿ ಬೀಸಿದರೆ ಬಣ್ಣದ ಪುಡಿಯ ವಾಸನೆ. ಆಗ ಮೇಲೊಂದು ಹಳೆಯ ಪಂಚೆ ಹೊದಿಸುವುದು. ಕಾರ್ಖಾನೆಗಳು ತಮ್ಮ ಹೊಗೆಯನ್ನು ಯಾರ ಬಟ್ಟೆಯ ಮೇಲೆ ಒಣಹಾಕುತ್ತವೆಂಬುದರ ಬಗ್ಗೆ ನಾನೊಂದು ಲೇಖನವನ್ನೂ ಮನಸ್ಸಿನಲ್ಲೇ ಬರೆದೆ. ಗಂಡ ಫೋನು ಮಾಡಿ, ಪಕ್ಕದ ಫ್ಲ್ಯಾಟಿನವರ ಒಣಗಿಸುವ ಯಂತ್ರವಿದೆ, ತಂದರೆ ಒಂದು ಗಂಟೆಯ ಕೆಲಸ ಎಂದ. ಸಭೆಯಲ್ಲಿ ಅವರನ್ನು ಏನೆಂದು ಕರೆದಿದ್ದೆನೆಂದು ನೆನಪಿಸಿದೆ. "ಅವ್ರಿಗೂ ನೆನಪಿದೆ" ಎಂದ. ಹೊಸದನ್ನು ಕೊಳ್ಳಬಾರದೆಂಬ ನನ್ನ ತತ್ವ ಇಂದಿಗೂ ಸರಿಯೇ. ಮಧ್ಯಾಹ್ನದ ಬಿಸಿಲಿನಲ್ಲಿ ಕುಳಿತು ಅದನ್ನು ಬೈದದ್ದೂ ಸರಿಯೇ.

ಆ ದಿನಗಳಲ್ಲೇ ಒಂದು ಸಂಜೆ ಅತ್ತೆ ಮೇಲಿನ ಮನೆಯವಳಿಗೆ, "ನಾನು ಊರಿಗೆ ಹೋದಾಗ ನೀನು ಮುಂದಿನ ತಂತಿ ಮೇಲೆ ಹಾಕ್ಕೋ" ಎಂದರು.

"ಬ್ಯಾಡ್ರಿ" ಎಂದಳು ಆಕೆ. "ನೀವಿಲ್ದಾಗ ಹಾಕಿದ್ರ ಕದ್ದು ಹಾಕಿದಂಗಾಗತೈತಿ. ಹಾಕಿದ್ರ ನಿಮ್ಮ ಕಣ್ಣ ಮುಂದ ಹಾಕ್ತೀನಿ."

ಅತ್ತೆ ಇಳಿದು ಹೋದರು. ಮರುದಿನ ಬೆಳಗ್ಗೆ ಮುಂದಿನ ತಂತಿಯಲ್ಲಿ ಅವರ ಸೀರೆ ಒಂದು ತುದಿಗೆ ಸರಿದಿತ್ತು; ಇನ್ನೊಂದು ತುದಿಯಲ್ಲಿ ಮೇಲಿನ ಮನೆಯವಳ ಹಳದಿ ನೈಟಿ. ನಡುವೆ ಒಂದು ಮಾರು ಜಾಗವನ್ನು ಖಾಲಿ ಬಿಡಲಾಗಿತ್ತು. ಆ ಒಂದು ಮಾರಿಗೂ ನಾನು ಹೆಸರಿಟ್ಟೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಚೀಲ ಮೊದಲು ಎದೆಯ ಭಾಗದಲ್ಲಿ ಎದ್ದಿತು. ಒಂದು ನಡು ಮಧ್ಯಾಹ್ನ ಅಂಗೈಯಿಂದ ಒತ್ತಿ ಬಿಟ್ಟೆ. ಬಟ್ಟೆ ಕೈಯ ಹಿಂದೆಯೇ ಮೆಲ್ಲನೆ ಮೇಲೆ ಬಂತು, ಉಸಿರೆಳೆದುಕೊಳ್ಳುವಂತೆ. ಅತ್ತೆಯನ್ನು ಕರೆದೆ. ಅವರೂ ಒತ್ತಿದರು, ಮತ್ತೆ ಒತ್ತಿದರು. ಸಂಜೆಯ ಹೊತ್ತಿಗೆ ಬೆನ್ನು, ಭುಜ, ಸೊಂಟ ಎಲ್ಲವೂ ಎಣ್ಣೆಗೆ ಬಿದ್ದ ಪೂರಿಗಳ ಸಾಲಿನಂತೆ ಉಬ್ಬಿದ್ದವು. ಪಾದದ ತುದಿ ಮಾತ್ರ ಏಳಲಿಲ್ಲ. ಗಂಜಿಯ ಮಡ್ಡಿಯೆಲ್ಲ ಅಲ್ಲಿಗಿಳಿದು ಕೂತಿತ್ತು. ಆ ಭಾಗವನ್ನಷ್ಟೇ ಎರಡು ಸಲ ನೆನೆಸಿ ಒಣಗಿಸಿದರೂ ಒಂದು ಹಿಡಿಯಷ್ಟು ಗಟ್ಟಿ ಉಳಿದೇಹೋಯಿತು.

ಮರುವಾರದ ಭಾನುವಾರ, ಹೇಳಿದಂತೆ ನನ್ನ ಗಂಡ ಬಂದ. ತಾರಸಿಗೆ ಹೋಗಿ ನೋಡಿದರೆ ಅತ್ತೆ ಆಗಲೇ ಚೀಲದೊಳಗೆ ಹೊಕ್ಕು ಮಂಚದ ಮೇಲೆ ಮಲಗಿದ್ದರು. ಜಿಪ್ಪು ಗಲ್ಲದವರೆಗೆ. ಸುತ್ತ ಬೇಸಿಗೆಯ ಬಿಸಿಲು. ಮೇಲಿನ ಮನೆಯವಳು ಬಟ್ಟೆ ಹರವುವ ನೆಪದಲ್ಲಿ ನಿಂತಿದ್ದಳು.

"ಅಮ್ಮ, ಏನಿದು?"

"ಪರೀಕ್ಷೆ. ನೋಡ್ಕೋ."

ಅವನು ಕಫದ ವೈದ್ಯನಂತೆ ಬಗ್ಗಿ ಎದೆಯ ಮೇಲೆ ಒತ್ತಿದ, ಉಬ್ಬಿತು. ಮಂಡಿಯ ಮೇಲೆ ಒತ್ತಿದ, ಉಬ್ಬಿತು. ಅವನು ನಿಧಾನಿ, ಯಾವುದನ್ನೂ ಬಿಡುವವನಲ್ಲ. ಪಾದಕ್ಕೆ ಬಂದು ನಿಂತ.

"ಇಲ್ಲೇನಿದು ಗಟ್ಟಿ?"

ನಾನು ಅತ್ತೆಯನ್ನು ನೋಡಿದೆ. ಅತ್ತೆ ಆಕಾಶವನ್ನು ನೋಡಿದರು. "ಗಂಜಿ" ಎಂದರು.

"ಏನು?"

"ಗಂಜಿ ಹಾಕಿದ್ದೆ ಕಣೋ. ಎಲ್ಲ ತೆಗೆದ್ವಿ, ಅಷ್ಟು ಉಳೀತು."

ಅವನು ಆ ಗಟ್ಟಿ ತುದಿಯನ್ನು ಬೆರಳಿನಿಂದ ಹಿಸುಕಿ ನೋಡಿದ. ಬಾಲ್ಯವಿಡೀ ಗಂಜಿಯ ಕಾಲರಿನಲ್ಲಿ ಕತ್ತು ತಿಕ್ಕಿಸಿಕೊಂಡು ಶಾಲೆಗೆ ಹೋದ ಹುಡುಗ ಅವನು. "ಇದಕ್ಕೂ ಹಾಕಿದ್ಯಾ" ಎಂದು ನಕ್ಕ. ಆಮೇಲೆ ನಗು ನಿಂತು, "ಕಾಲಿಗೆ ಚಳಿ ಹತ್ತಿದ್ರೆ ಎದೆಗೆ ಬರುತ್ತಮ್ಮ. ನಾನು ತಮಾಷೆ ಮಾಡ್ತಿಲ್ಲ" ಎಂದ. ಅವನ ದನಿಯಲ್ಲಿ ಯಜಮಾನಿಕೆ ಇರಲಿಲ್ಲ, ಆಸ್ಪತ್ರೆಯ ಕಾರಿಡಾರಿನಲ್ಲಿ ಕಳೆದ ರಾತ್ರಿಗಳಿದ್ದವು. ಅದಕ್ಕೆ ಇಡುವಂಥ ಹೆಸರು ನನ್ನ ಬಳಿ ಇರಲಿಲ್ಲ.

"ಎರಡು ಜೊತೆ ಉಣ್ಣೆ ಕಾಲುಚೀಲ ಹಾಕ್ಕೋತೀನಿ. ನನ್ ಮುಖ ನೋಡೋ" ಎಂದರು ಅತ್ತೆ.

ಅವರ ಹಣೆಯಿಂದ ಬೆವರು ಕಿವಿಯವರೆಗೆ ಹರಿದು ದಿಂಬನ್ನು ತೋಯಿಸುತ್ತಿತ್ತು. ಮುಖ ಕೆಂಪಗೆ ಬೆಂದಿತ್ತು.

"ಬಿಸಿಲಲ್ಲಿ ಯಾರಾದ್ರೂ ಬೆವರ್ತಾರೆ."

"ಹಾಗಾದ್ರೆ ನೀನು ಮಲಗಿ ನೋಡು, ಕಾಲು ಹೇಗಿರುತ್ತೆ ಅಂತ. ಮೊದಲು ಈ ಜಿಪ್ ತೆಗಿ, ಸಿಕ್ಕಾಕ್ಕೊಂಡಿದೆ. ಆಗ್ಲಿಂದ ಹೇಳ್ಬೇಕು ಅಂತಿದ್ದೆ."

ಜಿಪ್ಪು ಅರ್ಧಕ್ಕೆ ಬಂದು ಬಟ್ಟೆ ಕಚ್ಚಿಕೊಂಡಿತು. ನಾನು ಭುಜ ಹಿಡಿದೆ, ಮೇಲಿನ ಮನೆಯವಳು ಪಾದದ ಕಡೆ ಹಿಡಿದಳು, ಅವನು ತಾಯಿಯನ್ನು ಕಂಕುಳಿಗೆ ಕೈಹಾಕಿ ಹೊರಗೆಳೆದ. ಅತ್ತೆ ನೆಟ್ಟಗೆ ನಿಂತು ಸೀರೆ ಸರಿಮಾಡಿಕೊಂಡು, "ಈಗ ನೀನು" ಎಂದರು. ಅವನು ನಮ್ಮ ಮೂವರನ್ನೂ ನೋಡಿದ. ಚಪ್ಪಲಿ ಬಿಟ್ಟು ಒಳಗಿಳಿದ. ಗಂಜಿಯ ತುದಿಗೆ ಪಾದ ಊರಿ ಕಣ್ಣು ಮುಚ್ಚಿದ. ನಾವು ಕಾದೆವು. ಐದು ನಿಮಿಷವೂ ತಡೆಯಲಾರದೆ ಎದ್ದು ಕುಳಿತು ಶರ್ಟಿನ ಗುಂಡಿ ಬಿಚ್ಚಿಕೊಂಡ.

"ಕಾಲು?" ಎಂದರು ಅತ್ತೆ.

"ಸ್ವಲ್ಪ ಕಮ್ಮಿ."

"ಎದೆ?"

ಅವನು ಕೆಳಗೆ ಹೋಗಿ ಕಾರಿನಿಂದ ಒಂದು ಪೊಟ್ಟಣ ತಂದು ತಾಯಿಯ ಕೈಗಿಟ್ಟ. ಒಳಗೆ ಉಣ್ಣೆಯ ಟೋಪಿ, ಎದೆಗೆ ಹಚ್ಚುವ ಮುಲಾಮು, ಮೂರು ಜೊತೆ ದಪ್ಪನೆಯ ಕಾಲುಚೀಲ. ಬರುವಾಗಲೇ ಕೊಂಡು ತಂದಿದ್ದ. ತೀರ್ಪಿಗೆ ಬಂದ ನ್ಯಾಯಾಧೀಶ ಹೀಗೆ ಸಾಕ್ಷ್ಯವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಬಂದದ್ದನ್ನು ಪ್ರಶ್ನಿಸಬೇಕೆನಿಸಿತು, ಪ್ರಶ್ನಿಸಲಿಲ್ಲ.

ಮತ್ತೆ ಗವುಸಿಗೆ ತುರುಕಿದರೆ ಪುಕ್ಕ ಮಲಗಿಬಿಡುತ್ತದೆಂದು, ಹೊರಡುವ ದಿನದವರೆಗೆ ಚೀಲವನ್ನು ನಡುಮನೆಯ ದಿವಾನದ ಮೇಲೆ ಹರವಿಟ್ಟೆವು. ಅದು ಬಂದ ನೆಂಟನಂತೆ ಇಡೀ ದಿವಾನವನ್ನು ಆಕ್ರಮಿಸಿತ್ತು. ನನ್ನ ಗಂಡ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಕಫದ ಮಾತ್ರೆಗಳನ್ನು ಬೆಳಗಿನದು, ರಾತ್ರಿಯದು ಎಂದು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದ. ಅತ್ತೆ ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದರು, ಈ ಸಲ ತಮಗಾಗಿ.